ಸುಳ್ಳಿನ ಸರದಿ

ಹಾರ್ಲೆಸ್ ಕೌಂಟಿಯ ಕಡತದಲ್ಲಿ ಒಂಬತ್ತು ಬಸ್ಸುಗಳಿದ್ದವು. ಷೆಡ್ಡಿಗೆ ಹೋಗಿ ನೋಡಿದರೆ ಓಡುತ್ತಿದ್ದವು ಐದು. ಉಳಿದ ನಾಲ್ಕು ಹಿತ್ತಲಲ್ಲಿ ಚಕ್ರ ಕಳಚಿಕೊಂಡು ಮರದ ದಿಮ್ಮಿಗಳ ಮೇಲೆ ಕೂತಿದ್ದವು. ಮೆಕ್ಯಾನಿಕ್ ವರ್ಲಿನ್ ಅವುಗಳಿಂದ ಇವತ್ತೊಂದು ಕನ್ನಡಿ, ನಾಳೆಯೊಂದು ಬ್ರೇಕು ಎಂದು ಕಿತ್ತು, ಓಡುವ ಐದಕ್ಕೆ ಜೋಡಿಸಿ, ಹನ್ನೊಂದು ವರ್ಷದಿಂದ ಆ ಸಂಸಾರವನ್ನು ತೂಗಿಸಿಕೊಂಡು ಬಂದಿದ್ದ. ಹೊಸ ಬಸ್ಸು ಕೊಡುತ್ತೇವೆ ಎಂದು ರಾಜಧಾನಿಯವರು ಹೇಳುತ್ತಲೇ ಇದ್ದರು. ಹೇಳುವುದಕ್ಕೇನು, ಡೀಸೆಲ್ ಖರ್ಚಾಗುತ್ತದೆಯೇ?

ಡ್ರೀಮಾ ಲಸ್ಕ್ ಓಡಿಸುತ್ತಿದ್ದದ್ದು ಹದಿನಾಲ್ಕನೆಯ ನಂಬರಿನ ಬಸ್ಸು. ಒಂಬತ್ತೇ ಬಸ್ಸಿರುವಲ್ಲಿ ಹದಿನಾಲ್ಕು ಎಲ್ಲಿಂದ ಬಂತು ಎಂದರೆ, ಸತ್ತ ಬಸ್ಸಿನ ನಂಬರನ್ನು ಅಲ್ಲಿ ಯಾರೂ ಮತ್ತೆ ಬಳಸುತ್ತಿರಲಿಲ್ಲ. ಡ್ರೀಮಾಳಿಗೆ ಐವತ್ತಮೂರು ವರ್ಷ, ಹದಿನಾರು ವರ್ಷದ ಸರ್ವಿಸು. ಬೆಳಗಿನ ಐದು ಗಂಟೆಗೆ ಷೆಡ್ಡು ಬಿಟ್ಟು, ಲಾರೆಲ್ ಕಣಿವೆಯ ತುದಿಯವರೆಗೆ ಹತ್ತಿ, ಅಲ್ಲಿಂದ ಜನರನ್ನು ಆರಿಸಿಕೊಳ್ಳುತ್ತ ಪೇಟೆಗೆ ಇಳಿಯುವುದು ಅವಳ ಮೊದಲ ಸುತ್ತು. ಆ ದಾರಿಯಲ್ಲಿ ನಿಲ್ದಾಣ ಎಂಬುದಿಲ್ಲ. ರಸ್ತೆಯ ಬದಿ ನಿಂತು ಕೈ ಎತ್ತಿದವರಿಗೆ ಬಸ್ಸು ನಿಲ್ಲುತ್ತದೆ. ಕಲ್ಲಿದ್ದಲ ಗಣಿಗಳು ಮುಚ್ಚಿದ ಮೇಲೆ ಆ ಕಣಿವೆಯಲ್ಲಿ ಓಡುವ ಕಾರುಗಳೂ ಕಡಿಮೆಯಾಗಿದ್ದವು. ಪೇಟೆಯ ಕೆಲಸಕ್ಕೆ, ಆಸ್ಪತ್ರೆಗೆ, ದಿನಸಿಗೆ, ಎಲ್ಲಕ್ಕೂ ಹದಿನಾಲ್ಕನೆಯ ನಂಬರೇ ಗತಿ.

ಆ ಬಸ್ಸಿನ ನಡುಬಾಗಿಲಲ್ಲಿ ಗಾಲಿಕುರ್ಚಿಯವರನ್ನು ಎತ್ತಿಕೊಳ್ಳುವ ಲಿಫ್ಟ್ ಇತ್ತು. ಕಬ್ಬಿಣದ ಹಲಗೆ ಕೆಳಗಿಳಿಯಬೇಕು, ಕುರ್ಚಿ ಅದರ ಮೇಲೆ ಬರಬೇಕು, ಹಲಗೆ ಮತ್ತೆ ಮೇಲೇರಬೇಕು. ಬೇಸಿಗೆಯಲ್ಲಿ ಅದು ಹೇಳಿದ ಮಾತು ಕೇಳುತ್ತಿತ್ತು. ಚಳಿ ಬಿತ್ತೆಂದರೆ ಎಣ್ಣೆ ಗಟ್ಟಿಯಾಗಿ, ಮುನಿಸಿಕೊಂಡ ಅಳಿಯನ ಹಾಗೆ ಅರ್ಧದಲ್ಲೇ ನಿಂತುಬಿಡುತ್ತಿತ್ತು. ಕೈಯಿಂದ ಪಂಪು ಹೊಡೆದು ಎತ್ತುವ ಸೌಕರ್ಯವೂ ಹಿಂದೆ ಇತ್ತು. ಅದನ್ನು ವರ್ಲಿನ್ ಎರಡು ವರ್ಷದ ಕೆಳಗೆ ಬಿಚ್ಚಿ ಇನ್ನೊಂದು ಬಸ್ಸಿಗೆ ಹಾಕಿದ್ದ.

ಲಿಫ್ಟ್ ಕೈಕೊಟ್ಟರೆ ಡ್ರೈವರು ಹಾಳೆಯಲ್ಲಿ ಹಾಗೆಂದು ಬರೆಯಬೇಕು, ರಿಪೇರಿಯಾಗುವ ತನಕ ಬಸ್ಸು ರಸ್ತೆಗೆ ಬರಬಾರದು, ಇದು ಕಾನೂನು. ಕಾನೂನಿನಲ್ಲಿ ತಪ್ಪೇನಿಲ್ಲ. ಆದರೆ ಬದಲಿ ಬಸ್ಸು ಇದ್ದವರು ಮಾಡಿದ ಕಾನೂನು ಅದು. ಹದಿನಾಲ್ಕು ನಿಂತರೆ ಕಣಿವೆಯ ಮೂವತ್ತೆಂಟು ಜನ ಮನೆಯಲ್ಲಿ ಕೂರಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೆ ಹಾರ್ಲೆಸ್ ಕೌಂಟಿಯ ಡ್ರೈವರುಗಳು ಲಿಫ್ಟ್ ಕೆಟ್ಟ ದಿನ ಹಾಳೆಯಲ್ಲಿ ‘ಪ್ರಯಾಣಿಕರು ಬರಲಿಲ್ಲ’ ಎಂದು ಬರೆಯುತ್ತಿದ್ದರು. ಆಮೇಲೆ ಪಕ್ಕದ ಕಣಿವೆಯ ಬಸ್ಸು ಸುತ್ತುಹಾಕಿ ಬಂದು, ಗಂಟೆ ತಡವಾಗಿಯಾದರೂ ಅವರನ್ನು ಪೇಟೆಗೆ ಮುಟ್ಟಿಸುತ್ತಿತ್ತು. ದಿನಕ್ಕೆ ಒಂದು ಹೆಸರಿನ ಮುಂದೆ ‘ಬರಲಿಲ್ಲ’ ಎಂದರೆ ಸಾಕಿತ್ತು, ಉಳಿದವರು ಆ ಬಸ್ಸಿನ ಲೆಕ್ಕಕ್ಕೆ ಸೇರುತ್ತಿದ್ದರು.

ಈ ಸುಳ್ಳಿಗೂ ಒಂದು ಮಿತಿಯಿತ್ತು. ಯಾರಾದರೂ ತಿಂಗಳಿಗೆ ಮೂರು ಸಲ ‘ಬರಲಿಲ್ಲ’ ಆದರೆ, ಬಸ್ಸಿಗೆ ಬೆಲೆ ಕೊಡದವರು ಎಂದು ಅವರ ಹೆಸರನ್ನು ಮೂವತ್ತು ದಿನ ಪಟ್ಟಿಯಿಂದ ತೆಗೆಯಬೇಕು. ಲಾರೆಲ್ ಕಣಿವೆಯಲ್ಲಿ ಗಾಲಿಕುರ್ಚಿಯವರು ನಾಲ್ಕು ಜನ. ನಾಲ್ವರಿಗೂ ಮೂತ್ರಪಿಂಡ ಕೆಟ್ಟಿತ್ತು. ಮಂಗಳವಾರ, ಗುರುವಾರ, ಶನಿವಾರ ಪೇಟೆಯ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿ ಯಂತ್ರದ ಪಕ್ಕ ನಾಲ್ಕು ತಾಸು ಮಲಗಿದರೆ ಮಾತ್ರ ಅವರಿಗೆ ಮುಂದಿನ ಎರಡು ದಿನದ ಬದುಕು. ಕುಡಿದ ನೀರನ್ನೂ ಆ ಯಂತ್ರ ತೆಗೆಯದಿದ್ದರೆ ಅದು ಮೈಯಲ್ಲೇ ನಿಲ್ಲುತ್ತದೆ.

ಸರದಿಯ ಯೋಚನೆ ಅವರದ್ದೇ. ನಾಲ್ಕು ವರ್ಷದ ಹಿಂದೆ, ಭಾನುವಾರದ ಪ್ರಾರ್ಥನೆ ಮುಗಿದು ಚರ್ಚಿನ ನೆಲಮಾಳಿಗೆಯಲ್ಲಿ ಬೇಯಿಸಿದ ಹುರುಳಿಕಾಯಿ, ಜೋಳದ ರೊಟ್ಟಿ ತಿನ್ನುತ್ತಿದ್ದಾಗ, ಆ ನಾಲ್ವರಲ್ಲಿ ಒಬ್ಬಳಾದ ಪ್ಯಾನ್ಸಿ ಹ್ಯಾಗರ್ ಎಂಬ ಅರವತ್ತರ ಹೆಂಗಸು ಫೋರ್ಕಿನಿಂದ ತಟ್ಟೆ ಬಡಿದು ಮಾತು ತೆಗೆದಿದ್ದಳು.

“ಯಾರೋ ಒಬ್ರ ತಲೆಗೇ ಕಟ್ಟಿದ್ರೆ ಹೆಂಗೆ? ತಿಂಗಳಿಗೆ ತಲೆಗೆ ಎರಡು ಸಲ. ಡ್ರೀಮಾ, ನೀನು ಲೆಕ್ಕ ಇಟ್ಕೋ. ಮೂರನೇದು ಯಾರ ಮೇಲೂ ಬರೆಯೋ ಹಾಗಿಲ್ಲ.”

“ಮೊದಲು ನಂದು ಬರಿ” ಎಂದಿದ್ದ ಓಸಿ ಟೋಲರ್. ಮೂವತ್ತೊಂದು ವರ್ಷ ಗಣಿಯಲ್ಲಿ ದುಡಿದು, ಸಕ್ಕರೆ ಕಾಯಿಲೆಗೆ ಎರಡೂ ಕಾಲು ಕೊಟ್ಟ ಮುದುಕ. “ಅಷ್ಟು ವರ್ಷ ಒಂದ್ ದಿನಾನೂ ಚಕ್ಕರ್ ಹೊಡ್ದಿಲ್ಲ ನಾನು. ಈಗಲಾದ್ರೂ ಹೊಡೀತೀನಿ.”

ಅಂದಿನಿಂದ ಅದು ಕಣಿವೆಯ ಪದ್ಧತಿಯಾಯಿತು. ಲಿಫ್ಟ್ ನಿಂತ ದಿನ ಡ್ರೀಮಾ ಕಿಟಕಿಯಿಂದ ತಲೆ ಹೊರಹಾಕಿ, “ಓಸಿ ಮಾವ, ಇವತ್ತು ನೀವು ಬರಲಿಲ್ಲ” ಎನ್ನುವಳು. “ಇಲ್ಲಮ್ಮ, ಹೊದ್ದು ಮಲಗಿದೀನಿ. ಪಕ್ಕದಲ್ಲಿ ಯಾರಿದ್ರು ಅಂತಾನೂ ಬರಿ, ಊರೋರು ಹೊಟ್ಟೆ ಉರ್ಕೊಳ್ಳಲಿ” ಎಂದು ಅವನು ಚಳಿಯಲ್ಲಿ ಕೂತೇ ನಗುವನು. ತಿಂಗಳ ಕೊನೆಗೆ ಮ್ಯಾನೇಜರ್ ಹೋಬರ್ಟ್ ಕ್ಲೈನ್ ‘ಬರಲಿಲ್ಲ’ಗಳ ಲೆಕ್ಕದ ಹಾಳೆ ಹರಿದುಹಾಕುವನು, ಹೊಸ ತಿಂಗಳಿಗೆ ಹೊಸ ಎಣಿಕೆ. ಒಂದೇ ಒಂದು ಡಯಾಲಿಸಿಸ್ಸೂ ಯಾರಿಗೂ ತಪ್ಪಿರಲಿಲ್ಲ. ಆ ಸುಳ್ಳಿನಷ್ಟು ಅಚ್ಚುಕಟ್ಟಾಗಿ ಕೌಂಟಿಯಲ್ಲಿ ಇನ್ನಾವ ಕೆಲಸವೂ ನಡೆಯುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಲೆಕ್ಕ ರಾಜಧಾನಿಯ ಕಂಪ್ಯೂಟರಿಗೆ ಹೋಯಿತು. ಪ್ರತಿ ಬಸ್ಸಿಗೂ ಗಾಜಿನ ಪರದೆಯ ಒಂದು ಕೈಪೆಟ್ಟಿಗೆ ಬಂತು. ಯಾರ ಹೆಸರು ತೋರಿಸುತ್ತದೋ ಅವರ ಮನೆಗೆ ಬಸ್ಸು ಹೋಗಬೇಕು, ಯಾರು ಬರಲಿಲ್ಲವೋ ಅವರ ಮುಂದೆ ಬೆರಳಿಡಬೇಕು. ಜೊತೆಗೆ ಒಂದು ಸುತ್ತೋಲೆಯೂ ಬಂದಿತ್ತು. ಹೋಬರ್ಟ್ ಅದನ್ನು ಫಲಕಕ್ಕೆ ಚುಚ್ಚಿದ. ಅದರ ಮೇಲೆ ಯಾರೋ ಕ್ರಿಸ್‌ಮಸ್ ಊಟಕ್ಕೆ ಯಾರ್ಯಾರು ಏನೇನು ತರಬೇಕೆಂಬ ಪಟ್ಟಿ ಚುಚ್ಚಿದರು. ಊಟದ ಪಟ್ಟಿಯನ್ನು ಎಲ್ಲರೂ ಓದಿದರು.

ಸುತ್ತೋಲೆಯಲ್ಲಿ ಇದ್ದದ್ದು ಇಷ್ಟೇ: ಇನ್ನು ಮೇಲೆ ಮೂರು ‘ಬರಲಿಲ್ಲ’ಗಳನ್ನು ಎಣಿಸುವುದು ತಿಂಗಳಿಗಲ್ಲ, ತೊಂಬತ್ತು ದಿನಕ್ಕೆ.

ಡಿಸೆಂಬರ್ ಕೆಟ್ಟ ಚಳಿಯ ತಿಂಗಳು. ಲಿಫ್ಟ್ ಎಂಟು ಸಲ ನಿಂತಿತು. ತಲೆಗೆ ಎರಡರಂತೆ ಹಂಚಿಹೋಯಿತು. ಹೊಸ ವರ್ಷದ ಮೊದಲ ವಾರ ಮತ್ತೆ ನಿಂತಾಗ ಸರದಿಯ ಪ್ರಕಾರ ಮೊದಲು ಓಸಿ. ಡ್ರೀಮಾ ಅವನ ಹೆಸರಿನ ಮುಂದೆ ಬೆರಳಿಟ್ಟಳು.

ಮುಂದಿನ ಮಂಗಳವಾರ ಕೈಪೆಟ್ಟಿಗೆಯಲ್ಲಿ ಓಸಿಯ ಹೆಸರಿರಲಿಲ್ಲ. ಯಂತ್ರ ಮರೆತಿರಬೇಕೆಂದುಕೊಂಡು ಡ್ರೀಮಾ ಎಂದಿನಂತೆ ಹೋಗಿ ಅವನನ್ನು ಹತ್ತಿಸಿಕೊಂಡಳು. ಷೆಡ್ಡಿಗೆ ಹಿಂದಿರುಗಿದಾಗ ಹೋಬರ್ಟ್ ಒಂದು ಪತ್ರ ಹಿಡಿದುಕೊಂಡು ನಿಂತಿದ್ದ.

“ಮೂವತ್ತು ದಿನ ತೆಗೆದುಹಾಕಿದಾರೆ” ಎಂದ.

“ಯಾರನ್ನ?”

“ಓಸೀನ. ಮೂರು ಸಲ ಆಯ್ತಂತೆ.”

“ಎರಡು ಹೋದ ತಿಂಗಳದ್ದಲ್ವೇನೋ! ಈ ತಿಂಗಳು ಒಂದೇ!”

ಹೋಬರ್ಟ್ ಫಲಕದ ಹತ್ತಿರ ಹೋಗಿ ಊಟದ ಪಟ್ಟಿಯನ್ನು ಎತ್ತಿ ಹಿಡಿದ. ಡ್ರೀಮಾ ಕೆಳಗಿನ ಹಾಳೆ ಓದಿದಳು. ಮೂವತ್ತು ದಿನ ಡಯಾಲಿಸಿಸ್ ಇಲ್ಲದೆ ಯಾರೂ ಬದುಕುವುದಿಲ್ಲ. ಹತ್ತು ದಿನವೇ ಹೆಚ್ಚು. ಮೂರನೆಯ ಸಲ ಬರೆದ ಬೆರಳು ತನ್ನದು.

“ಮೇಲ್ಮನವಿ ಅಂತ ಇದೆ” ಎಂದ ಹೋಬರ್ಟ್. “ಆದ್ರೆ ಏನಂತ ಬರೆಯೋದು? ಅವನು ಬಂದಿದ್ದ, ನಾವೇ ಸುಳ್ಳು ಬರೆದ್ವಿ ಅಂತಾನಾ?”

“ಸದ್ಯಕ್ಕೆ ಪಟ್ಟೀಲಿ ಇಲ್ದಿದ್ರೂ ನಾನು ಕರ್ಕೊಂಡು ಹೋಗ್ತೀನಿ.”

“ಹೋಗು. ನಾನು ನೋಡ್ಲಿಲ್ಲ.”

ಹೋಬರ್ಟ್ ಕೆಟ್ಟವನಲ್ಲ. ಅವಳ ಜೊತೆ ಒಂದೇ ಶಾಲೆಯಲ್ಲಿ ಕಲಿತವನು. ನೋಡದೆ ಇರುವುದರಲ್ಲೇ ಅವನು ಜೀವನ ಸವೆಸಿದ್ದ, ಅಷ್ಟೆ.

ಆದರೆ ಗುರುವಾರ ಬೆಳಿಗ್ಗೆ, ಓಸಿಯ ಮನೆಯ ಮುಂದೆ ಅರ್ಧಕ್ಕೆ ಇಳಿದ ಲಿಫ್ಟಿನಿಂದ ಪಟ್ ಎಂದು ಸದ್ದಾಗಿ, ಎಣ್ಣೆಯೆಲ್ಲ ಹಿಮದ ಮೇಲೆ ಸುರಿಯಿತು. ಕೊಳವೆ ಒಡೆದಿತ್ತು. ಹೊಸದು ಬರಲು ಎರಡು ವಾರ ಎಂದ ವರ್ಲಿನ್. ಪಕ್ಕದ ಕಣಿವೆಯ ಬಸ್ಸು ಬಂದು ಪ್ಯಾನ್ಸಿಯನ್ನೂ ಉಳಿದಿಬ್ಬರನ್ನೂ ಕರೆದೊಯ್ದಿತು, ಅವರ ಹೆಸರಿತ್ತು. ಓಸಿಯ ಹೆಸರಿರಲಿಲ್ಲ. ಆ ಬಸ್ಸಿನ ಡ್ರೈವರು ಹೊಸಬ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಪೆಟ್ಟಿಗೆ ತೋರಿಸದ ಮನೆಗೆ ಹೋಗಲು ಹೆದರಿದ. ಕಾಲಿಲ್ಲದ ಭಾರಿ ಆಳನ್ನು ಎತ್ತಿ ಯಾರದ್ದಾದರೂ ಗಾಡಿಯಲ್ಲಿ ಕೂರಿಸಬೇಕೆಂದರೆ ನಾಲ್ಕು ಗಟ್ಟಿಗರು ಬೇಕು. ಅಗ್ನಿಶಾಮಕ ಠಾಣೆಯ ಹುಡುಗರೆಲ್ಲ ಬೆಟ್ಟದಾಚೆ ಉರಿಯುತ್ತಿದ್ದ ಮನೆಯೊಂದಕ್ಕೆ ಹೋಗಿದ್ದರು. ಓಸಿಗೆ ಗುರುವಾರದ ಡಯಾಲಿಸಿಸ್ ತಪ್ಪಿತು. ಆಂಬುಲೆನ್ಸಿಗೆ ಫೋನು ಮಾಡಿದರೆ, ಉಸಿರು ನಿಲ್ಲುವ ಹಾಗಿದ್ದರೆ ಹೇಳಿ ಎಂದರು.

ಶುಕ್ರವಾರ ಮಧ್ಯಾಹ್ನ ಡ್ರೀಮಾ ಅವನ ಮನೆಗೆ ಹೋದಳು. ಓಸಿ ಸೀಮೆಎಣ್ಣೆ ಹೀಟರಿನ ಪಕ್ಕ ಕೂತು ಮಂಜುಗಡ್ಡೆಯ ಚೂರೊಂದನ್ನು ಚೀಪುತ್ತಿದ್ದ. ಮುಖ ಊದಿಕೊಂಡು ಕಣ್ಣು ಸಣ್ಣಗಾಗಿದ್ದವು.

“ಮಾವ, ನಾನು ರಾಜಧಾನಿಗೆ ನಿಜ ಬರೆದು ಕಳಿಸ್ತೀನಿ” ಎಂದಳು.

“ಬೇಡ.”

“ಬೇಡ ಅಂದ್ರೆ? ನಿಮ್ಮ ಹೆಸರು ಪಟ್ಟಿಗೆ ಬಂದ್ರೆ ತಾನೆ ಬೇರೆ ಬಸ್ ಬರೋದು?”

“ಲೆಕ್ಕ ಹಾಕು ಡ್ರೀಮಾ. ನಾನೊಬ್ಬ. ಆ ಕಡೆ ಎಷ್ಟು ಜನ?”

“ಮೂವತ್ತೆಂಟು. ಹಂಗಂತ ನಿಮ್ಮನ್ನ ಸಾಯೋಕೆ ಬಿಡ್ಲಾ?”

“ಗಣೀಲಿ ಬೆಂಕಿ ಬಿದ್ರೆ ಆ ಕಡೆ ಸುರಂಗಕ್ಕೆ ಗೋಡೆ ಕಟ್ಟಿಬಿಡ್ತಿದ್ವಿ. ಒಳಗೆ ಯಾರಿದಾರೆ ಅಂತ ಗೊತ್ತಿರ್ತಿತ್ತು. ಅವರ ಹೆಸರು ಹಿಡಿದು ಅಳ್ತಾ ಅಳ್ತಾ ಕಟ್ತಿದ್ವಿ. ಕಟ್ದೇ ಇದ್ರೆ ಎಲ್ಲಾರೂ ಹೋಗ್ತಿದ್ರು.”

“ನಾನು ಗಣಿಯೋಳಲ್ಲ ಮಾವ. ನಾನು ಬಸ್ಸಿನೋಳು. ಜನಾನ ಹತ್ತಿಸ್ಕೊಳ್ಳೋದು ನನ್ನ ಕೆಲ್ಸ.”

ಓಸಿ ನಗಲು ಹೋದ, ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದ. ಎದೆಯೊಳಗೆ ನೀರು ಗುಳುಗುಳು ಎನ್ನುವುದು ಡ್ರೀಮಾಳಿಗೂ ಕೇಳಿಸಿತು. ಅವಳು ಬಾಗಿಲ ತನಕ ಹೋದ ಮೇಲೆ ಅವನು ಕರೆದ.

“ಡ್ರೀಮಾ. ನಂಗೆ ಸಾವಿನ ಭಯ ಇಲ್ಲ ಅಂದ್ಕೊಂಡಿದ್ದೆ. ಮಲಗಿದ್ರೆ ಮುಳುಗಿದ ಹಂಗಾಗತ್ತೆ ಕಣೆ. ಕೂತೇ ಇರ್ತೀನಿ. ಭಯ ಆಗತ್ತೆ.”

ಅಷ್ಟು ಸಾಕಾಯಿತು. ಡ್ರೀಮಾ ನೆಟ್ಟಗೆ ಷೆಡ್ಡಿಗೆ ಬಂದು ಹೋಬರ್ಟನ ಮೇಜಿನ ಮೇಲಿಂದ ಒಂದು ಹಾಳೆ ಎಳೆದುಕೊಂಡಳು.

“ಬರೆದ್ರೆ ನನ್ನ ಕೆಲ್ಸ ಹೋಗತ್ತೆ” ಎಂದ ಹೋಬರ್ಟ್. “ನಿಂದೂ ಹೋಗತ್ತೆ.”

“ಹೋಗ್ಲಿ.”

“ಕೇಸ್ ಹಾಕಿದ್ರೂ ಹಾಕಬಹುದು.”

“ಹಾಕ್ಲಿ. ಓಸಿ ಮಾವ ನಾಳೆ ಬಸ್ ಹತ್ತಬೇಕು, ಅಷ್ಟೆ. ನೀನು ತಡೀತೀಯಾ?”

ಹೋಬರ್ಟ್ ತನ್ನ ಪೆನ್ನನ್ನೇ ಅವಳ ಕೈಗೆ ಕೊಟ್ಟ. ಓಸಿ ಹಾಕಿದ ಲೆಕ್ಕವನ್ನು ಮರೆತು ಇಬ್ಬರೂ ಆಗ ಯೋಚಿಸಿದ್ದು ತಮಗೆ ಬೀಳುವ ಪೆಟ್ಟನ್ನು ಮಾತ್ರ. ತಪ್ಪು ಮಾಡಿದವರಿಗೆ ಶಿಕ್ಷೆ, ಅದು ನ್ಯಾಯ, ಅದಕ್ಕೆ ಬೆನ್ನು ಕೊಡೋಣ ಎಂದುಕೊಂಡರು. ಬಡವರ ನ್ಯಾಯದ ಕಲ್ಪನೆಯೇ ಹಾಗೆ, ಪೆಟ್ಟು ತನಗೇ ಬೀಳುತ್ತದೆಂಬ ನಂಬಿಕೆ.

ಡ್ರೀಮಾ ಮುಚ್ಚುಮರೆಯಿಲ್ಲದೆ ಬರೆದಳು. ಪ್ರಯಾಣಿಕರು ಯಾವಾಗಲೂ ಬಂದಿದ್ದರು, ಬರದೇ ಇದ್ದದ್ದು ಲಿಫ್ಟ್, ನಾಲ್ಕು ವರ್ಷದಿಂದ ಹೀಗೆ, ಬರೆದದ್ದು ನಾನು. ಹಾಳೆಯ ಚಿತ್ರ ತೆಗೆದು ಹೋಬರ್ಟ್ ರಾಜಧಾನಿಗೆ ಕಳಿಸಿದ. ಎರಡು ತಾಸಿಗೆ ಫೋನು ಬಂತು. ಆ ಕಡೆಯ ಹೆಂಗಸು ಸೌಜನ್ಯದವಳು. ಓಸಿ ಟೋಲರ್ ಅವರ ಹೆಸರನ್ನು ಈಗಲೇ ಪಟ್ಟಿಗೆ ಸೇರಿಸಿದ್ದೇವೆ, ಅವರಿಗಾದ ತೊಂದರೆಗೆ ವಿಷಾದವಿದೆ ಎಂದಳು. ಡ್ರೀಮಾ ಫೋನು ಇಟ್ಟು, ಎಷ್ಟೋ ವರ್ಷದ ಮೇಲೆ ಹೋಬರ್ಟನನ್ನು ತಬ್ಬಿಕೊಂಡಳು. ವರ್ಲಿನ್ ಎಣ್ಣೆಗೈಯಲ್ಲೇ ಚಪ್ಪಾಳೆ ತಟ್ಟಿದ. ಅವಳು ಓಸಿಗೂ ಪ್ಯಾನ್ಸಿಗೂ ಉಳಿದಿಬ್ಬರಿಗೂ ಫೋನು ಮಾಡಿ, “ನಾಳೆ ಪಕ್ಕದ ಕಣಿವೆಯ ಬಸ್ಸನ್ನ ನಾನೇ ತರ್ತೀನಿ. ಐದೂ ನಲವತ್ತಕ್ಕೆ ರೆಡಿ ಇರಿ” ಎಂದು ಹೇಳಿ ಮನೆಗೆ ಹೋದಳು.

ಶನಿವಾರ ನಾಲ್ಕೂವರೆಗೆ ಅವಳು ಷೆಡ್ಡಿಗೆ ಬಂದಾಗ ಐದೂ ಬಸ್ಸುಗಳ ಸ್ಟಿಯರಿಂಗಿಗೆ ಕೆಂಪು ಚೀಟಿ ಕಟ್ಟಿತ್ತು. ಹೋಬರ್ಟ್ ಒಂದು ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದ.

“ಸಂಜೆ ಆರಕ್ಕೆ ಇಬ್ಬರು ಇನ್‌ಸ್ಪೆಕ್ಟರು ಬಂದ್ರು” ಎಂದ. “ನಾಲ್ಕು ವರ್ಷದ ಹಾಳೆ ಸುಳ್ಳಾದ್ರೆ ಬ್ರೇಕಿನ ಹಾಳೇನೂ ಸುಳ್ಳಿರಬಹುದಲ್ವಾ ಅಂದ್ರು. ಪ್ರತಿ ಬಸ್ಸನ್ನೂ ಬಿಚ್ಚಿ ನೋಡೋ ತನಕ ಒಂದೂ ಆಚೆ ಹೋಗೋ ಹಾಗಿಲ್ಲ. ಬೀಗದಕೈ ತಗೊಂಡು ಹೋದ್ರು.”

“ಎಷ್ಟು ದಿನ?”

“ಆರು ವಾರ ಅಂದ್ರು. ಹಿತ್ತಲಲ್ಲಿರೋ ನಾಲ್ಕನ್ನ ನೋಡಿ ಆಮೇಲೆ ಏನೂ ಹೇಳಲಿಲ್ಲ.”

“ನಂಗ್ಯಾಕೆ ಫೋನ್ ಮಾಡ್ಲಿಲ್ಲ?”

“ಮಾಡಿ ಏನು ಹೇಳ್ಲಿ?”

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ ಡ್ರೀಮಾಳಿಗೆ. ಆ ಇನ್‌ಸ್ಪೆಕ್ಟರುಗಳ ಜಾಗದಲ್ಲಿದ್ದರೆ ತಾನೂ ಅದನ್ನೇ ಕೇಳುತ್ತಿದ್ದಳು. ಅವಳು ತನ್ನ ಪಿಕಪ್ ಗಾಡಿ ತೆಗೆದು ಅಗ್ನಿಶಾಮಕ ಠಾಣೆಯ ಬಾಗಿಲು ಬಡಿದಳು. ಇವತ್ತು ಹುಡುಗರಿದ್ದರು. ನಾಲ್ಕು ಜನ ಅವಳ ಜೊತೆ ಓಸಿಯ ಮನೆಗೆ ಬಂದು, ಅವನನ್ನು ಕಂಬಳಿಯಲ್ಲಿ ಎತ್ತಿ, ಪಿಕಪ್ಪಿನ ಮುಂದಿನ ಸೀಟಿನಲ್ಲಿ ಉದ್ದಕ್ಕೂ ಒರಗಿಸಿ, ದಿಂಬು ಒತ್ತಿ, ಎರಡು ಬೆಲ್ಟು ಬಿಗಿದರು. ಇನ್ನೊಬ್ಬರು ಕೂರಲು ಅಂಗೈಯಗಲ ಜಾಗ ಉಳಿಯಲಿಲ್ಲ. ಅಷ್ಟರಲ್ಲಿ ಠಾಣೆಯ ಸೈರನ್ ಕೂಗಿ ಹುಡುಗರು ಓಡಿದರು.

“ಬಸ್ ಎಲ್ಲಿ?” ಎಂದ ಓಸಿ.

ಡ್ರೀಮಾ ಹೇಳಿದಳು. ಅವನು ಕಣ್ಣು ಮುಚ್ಚಿಕೊಂಡ. ಹೇಳಿದ್ದೆನಲ್ಲ ಎನ್ನಲಿಲ್ಲ. ಎಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಕಣಿವೆ ಇಳಿಯುವಾಗ ದಾರಿಯುದ್ದಕ್ಕೂ ಜನ ನಿಂತಿದ್ದರು. ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವವಳು, ದಿನಸಿ ಅಂಗಡಿಯಲ್ಲಿ ಮೂಟೆ ಇಳಿಸುವವನು, ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡ ಒಬ್ಬಳು. ಕತ್ತಲಲ್ಲಿ ಗಾಡಿಯ ದೀಪ ಕಂಡ ಕೂಡಲೆ ಕೈ ಎತ್ತುತ್ತಿದ್ದರು, ಬಸ್ಸಲ್ಲವೆಂದು ಕಂಡ ಮೇಲೆ ಇಳಿಸುತ್ತಿದ್ದರು. ಡ್ರೀಮಾ ಒಬ್ಬರಿಗೂ ನಿಲ್ಲಿಸಲಿಲ್ಲ. ಹದಿನಾರು ವರ್ಷದಲ್ಲಿ ಎತ್ತಿದ ಕೈ ದಾಟಿ ಅವಳು ಗಾಡಿ ಓಡಿಸಿದ್ದು ಅದೇ ಮೊದಲು.

ಪ್ಯಾನ್ಸಿಯ ಮನೆಯ ತಿರುವಿನಲ್ಲಿ ಮಾತ್ರ ನಿಲ್ಲಿಸಲೇಬೇಕಾಯಿತು. ಗಾಲಿಕುರ್ಚಿಯ ಉಳಿದಿಬ್ಬರ ಮನೆಗಳು ಇನ್ನೂ ಕೆಳಗಿದ್ದವು. ಪ್ಯಾನ್ಸಿ ಗಾಲಿಕುರ್ಚಿಯಲ್ಲಿ, ಮಡಿಲಲ್ಲಿ ಊಟದ ಡಬ್ಬಿಯಿಟ್ಟುಕೊಂಡು, ಒಬ್ಬಳೇ ರಸ್ತೆಯ ಅಂಚಿನಲ್ಲಿ ಕೂತಿದ್ದಳು. ಮಗಳು ಅವಳನ್ನು ಅಲ್ಲಿ ಬಿಟ್ಟು ಕೆಲಸಕ್ಕೆ ಹೋಗಿಯಾಗಿತ್ತು.

“ಇದೇನೇ, ಪಿಕಪ್ ತಂದಿದೀಯ?”

“ಬಸ್ಸೆಲ್ಲ ನಿಲ್ಲಿಸಿಬಿಟ್ರು ಪ್ಯಾನ್ಸಿಯಕ್ಕ. ಐದೂ.”

“ಯಾಕೆ? ಯಾರು ಹೇಳಿದ್ರು ಅವರಿಗೆ?”

“ನಾನು.”

ಪ್ಯಾನ್ಸಿ ಕಿಟಕಿಯ ಗಾಜಿನಾಚೆ ಓಸಿಯ ಊದಿದ ಮುಖ ನೋಡಿದಳು. ಓಸಿ ಅವಳತ್ತ ನೋಡಲಾರದೆ ಮುಖ ತಿರುಗಿಸಿಕೊಂಡ.

“ಮಾವನ್ನ ಬಿಟ್ಟು ವಾಪಸ್ ಬರ್ತೀನಿ” ಎಂದಳು ಡ್ರೀಮಾ. “ಎತ್ತೋಕೆ ಯಾರನ್ನಾದ್ರೂ ಕರ್ಕೊಂಡು...”

“ಎಷ್ಟೊತ್ತಿಗೆ?”

“ಒಂಬತ್ತು. ಒಂಬತ್ತೂವರೆ.”

“ಮತ್ತೆ ಪೇಟೆ ಮುಟ್ಟೋದು ಹತ್ತೂವರೆಗೆ. ಶನಿವಾರ ಹನ್ನೆರಡಕ್ಕೆ ಮುಚ್ತಾರೆ. ನಾಲ್ಕು ತಾಸಿನ ಕೆಲ್ಸ ಅವರು ಶುರುನೇ ಮಾಡಲ್ಲ.” ಪ್ಯಾನ್ಸಿ ಲೆಕ್ಕವನ್ನು ಎಂದಿನ ಹಾಗೆಯೇ ಹಾಕಿದಳು, ದನಿ ಏರಿಸದೆ. “ಮಂಗಳವಾರ?”

ಡ್ರೀಮಾ ಗಾಡಿಯ ಕಡೆ ತಿರುಗಿ ನೋಡಿದಳು. ಗಾಡಿಯೊಳಗೆ ಓಸಿಯ ಉಸಿರು ಗೊರಗೊರ ಎನ್ನುತ್ತಿತ್ತು. ನಿಂತಷ್ಟೂ ಅವನ ಹೊತ್ತು ಕಳೆಯುತ್ತಿತ್ತು.

“ಹಂಗಾದ್ರೆ ನನ್ನನ್ನ ಒಳಗೆ ತಳ್ಳಿಬಿಟ್ಟು ಹೋಗು. ಇಲ್ಲಿ ಚಳಿ” ಎಂದಳು ಪ್ಯಾನ್ಸಿ.

ಡ್ರೀಮಾ ಕುರ್ಚಿಯನ್ನು ತಿರುಗಿಸಿ ಹಿಮದಲ್ಲಿ ಮನೆಯ ಕಡೆಗೆ ತಳ್ಳಿದಳು. ಹೊಸ್ತಿಲು ದಾಟಿಸಿ ಬ್ರೇಕು ಹಾಕಿದಳು. ಪ್ಯಾನ್ಸಿ ಅಡುಗೆಮನೆಯತ್ತ ಕೈ ತೋರಿಸಿದಳು.

“ಮೇಜಿನ ಮೇಲೆ ನೀರಿನ ಜಗ್ಗಿದೆ ನೋಡು. ಅದನ್ನ ಕಪಾಟಿನ ಮೇಲಕ್ಕೆ ಇಡು. ನಲ್ಲಿಗೆ ನನ್ನ ಕೈ ಎಟಕಲ್ಲ, ಅದೊಂದೇ ಎಟಕೋದು. ಬಾಯಾರಿದ್ರೆ ನಂಗೆ ತಡ್ಕೊಳ್ಳೋಕಾಗಲ್ಲ. ಕುಡಿದ್ರೆ ಮಂಗಳವಾರದ ತನಕ ಇರಲ್ಲ.”

ಡ್ರೀಮಾ ಜಗ್ಗನ್ನು ಎತ್ತಿ ಕಪಾಟಿನ ಮೇಲಿಟ್ಟಳು.

“ಇನ್ನೂ ಹಿಂದಕ್ಕೆ” ಎಂದಳು ಪ್ಯಾನ್ಸಿ. “ಕೋಲಲ್ಲಿ ಎಳೆದ್ರೂ ಸಿಗಬಾರದು.”

ಡ್ರೀಮಾ ತುದಿಗಾಲಲ್ಲಿ ನಿಂತು ಅದನ್ನು ಗೋಡೆಗೆ ತಾಗುವವರೆಗೂ ಹಿಂದಕ್ಕೆ ತಳ್ಳಿದಳು.